ನೆರೆಯವರ ಪ್ರಾರ್ಥನಾಲಯದ ಹೊಸ್ತಿಲಲ್ಲಿ

"ಮಾಮಾ, ನಾವು ಒಳಗೆ ಹೋಗಬಹುದಾ?"

ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್‌ನ ಬಾಗಿಲಲ್ಲಿ ನಿಂತು ತಂಗಿಯ ಮಗ ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಂಕನಾಡಿಯ ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ದೂರದ ದೇಶಗಳಿಂದ ಹಡಗಿನಲ್ಲಿ ಬರುವವರು ಅದನ್ನು ನೋಡಿ ಹೋಗುತ್ತಾರೆ. ಆದರೆ ಇದೇ ಊರಿನಲ್ಲಿ ಹುಟ್ಟಿ ಬೆಳೆದ ನಾನು ಅಂದಿನವರೆಗೆ ಅದರೊಳಗೆ ಕಾಲಿಟ್ಟಿರಲಿಲ್ಲ. ಯಾರೂ ತಡೆದಿರಲಿಲ್ಲ. 'ಅದು ಅವರದ್ದು' ಎಂಬ ಒಂದು ಮಾತು ಮನಸ್ಸಿನಲ್ಲಿತ್ತು, ಅಷ್ಟೇ.

ಒಳಗೆ ಹೋದೆವು. ಹೊರಗಿನಿಂದ ಸರಳವಾಗಿ ಕಾಣುವ ಕಟ್ಟಡದ ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲೆಲ್ಲೂ ಚಿತ್ರಗಳು. ಇಟಲಿಯ ಜೆಸ್ಯೂಟ್ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಇಲ್ಲಿ ಕುಂಚ ಹಿಡಿದರು. ಗೋಡೆಯ ಚಿತ್ರಗಳನ್ನು ಅವರು ಬರೆದದ್ದು ಫ್ರೆಸ್ಕೊ ವಿಧಾನದಲ್ಲಿ. ಸುಣ್ಣದ ಗಾರೆ ಒದ್ದೆಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗಿ ಗಟ್ಟಿಯಾಗುವಾಗ ಬಣ್ಣವೂ ಗೋಡೆಯ ಭಾಗವೇ ಆಗಿಬಿಡುತ್ತದೆ. ತಪ್ಪಾದರೆ ಒರೆಸಿ ತಿದ್ದುವಂತಿಲ್ಲ, ಗಾರೆಯನ್ನೇ ಕೆತ್ತಿ ತೆಗೆಯಬೇಕು. ಇಷ್ಟೆಲ್ಲ ಬರೆದ ಆ ಮನುಷ್ಯ ತನ್ನೂರಿಗೆ ಮರಳಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಚಿತ್ರಗಳಿಲ್ಲದ ಮಸೀದಿಯಲ್ಲಿ ತಲೆಬಾಗಿ ಬೆಳೆದ ನನಗೆ ಅಲ್ಲಿ ಕೊಂಚ ಇರುಸುಮುರುಸಾಯಿತು ಎಂಬುದನ್ನು ಮುಚ್ಚಿಡಲಾರೆ. ನಾನು ನಂಬದ ಸಂಗತಿಗಳು ಆ ಗೋಡೆಗಳ ಮೇಲಿವೆ. ಹಾಗಿರುವಾಗ ಅವನ್ನು ಬರೀ 'ಕಲೆ' ಎಂದು ಮೆಚ್ಚಿ ಹೊರಬರುವುದು ಸರಿಯೇ? ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಮುದುಕಿಗೆ ಅದು ಕಲೆಯಲ್ಲ, ಆಕೆಯ ನಂಬಿಕೆ. ಅದನ್ನು ಬರೀ ಪ್ರದರ್ಶನದಂತೆ ನೋಡಿದರೆ ಅದೂ ಒಂದು ಬಗೆಯ ಅಗೌರವವಲ್ಲವೇ?

ಆಗ ನನಗೆ ಖಲೀಫ ಉಮರ್(ರ)ರ ಪ್ರಸಂಗ ನೆನಪಾಯಿತು. ಅವರು ಜೆರುಸಲೇಮಿಗೆ ಬಂದಾಗ ಕ್ರೈಸ್ತ ಧರ್ಮಗುರುಗಳು ಚರ್ಚಿನೊಳಗೇ ನಮಾಝ್ ಮಾಡಿ ಎಂದು ಕರೆದರಂತೆ. ಉಮರ್ ಒಪ್ಪಲಿಲ್ಲ, ಹೊರಗೆ ಮೆಟ್ಟಿಲ ಬಳಿ ನಮಾಝ್ ಮಾಡಿದರು. ತಾನು ಇಲ್ಲಿ ನಮಾಝ್ ಮಾಡಿದೆನೆಂಬ ನೆಪದಲ್ಲಿ ಮುಂದೆ ತನ್ನವರು ಈ ಚರ್ಚನ್ನು ಕಿತ್ತುಕೊಂಡಾರು ಎಂಬುದು ಅವರ ಆತಂಕವಾಗಿತ್ತು. ಈ ಪ್ರಸಂಗ ಹಳೆಯ ಇತಿಹಾಸ ಗ್ರಂಥಗಳಲ್ಲಿದೆ. ಒಳಗೆ ಹೋಗು, ನೋಡು, ಆದರೆ ನಿನ್ನದಲ್ಲದ್ದನ್ನು ನಿನ್ನದಾಗಿಸಿಕೊಳ್ಳಬೇಡ. ಅತಿಥಿಯ ಧರ್ಮ ಇಷ್ಟೇ.

ಈ ಧರ್ಮ ಮರೆತರೆ ಏನಾಗುತ್ತದೆ ಎಂಬುದು ನಮ್ಮ ಊರಿಗೆ ಗೊತ್ತು. 1784ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿನ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಿಲಾಗ್ರಿಸ್ ಚರ್ಚ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು. ಅವರು ಬ್ರಿಟಿಷರಿಗೆ ನೆರವಾದರೆಂಬ ಆರೋಪವಿತ್ತು ಎನ್ನುತ್ತೇವೆ. ಆದರೆ ಆ ದಾರಿಯಲ್ಲಿ ನಡೆದ ಮಕ್ಕಳು ಯಾರಿಗೆ ನೆರವಾಗಿದ್ದರು? ಟಿಪ್ಪುವಿನ ಶೌರ್ಯವನ್ನು ನೆನೆಯುವ ನಾವು ಇದನ್ನೂ ನೆನೆಯಬೇಕು. 2008ರ ಸೆಪ್ಟೆಂಬರ್ 14ರಂದು ಅದೇ ಮಿಲಾಗ್ರಿಸ್ ಬಳಿ ಕ್ರೈಸ್ತ ಸನ್ಯಾಸಿನಿಯರ ಪ್ರಾರ್ಥನಾ ಮಂದಿರಕ್ಕೆ ದುಷ್ಕರ್ಮಿಗಳು ನುಗ್ಗಿ ದಾಳಿ ಮಾಡಿದರು. ಆಗ ನೊಂದವರು, ನೋಯಿಸಿದವರು ಬೇರೆ ಬೇರೆ ಕಾಲದವರು. ತಪ್ಪು ಮಾತ್ರ ಒಂದೇ.

ಒಮ್ಮೆ ಚಾಪೆಲ್ ನೋಡಿ ಬಂದರೆ ದ್ವೇಷ ಕರಗಿಬಿಡುತ್ತದೆಯೇ? ಇಲ್ಲ. ಸೌಂದರ್ಯ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಒಂದು ಚಿತ್ರದ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಅದರಲ್ಲಿ ಅಲೋಶಿಯಸ್ ಪ್ಲೇಗ್ ರೋಗಿಗಳ ಸೇವೆಯಲ್ಲಿದ್ದಾರೆ. ಶ್ರೀಮಂತ ಮನೆತನದ ಆ ಯುವಕ ರೋಮ್‌ನಲ್ಲಿ ರೋಗಿಗಳ ಆರೈಕೆ ಮಾಡುತ್ತಾ ಸೋಂಕಿಗೊಳಗಾಗಿ 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಚಿತ್ರದ ಮುಂದಿನ ಭಾಗ ನಮ್ಮ ಕಂಕನಾಡಿಯಲ್ಲಿದೆ. ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕೊಟ್ಟರು. ಇಂದು ಅದು ಫಾದರ್ ಮುಲ್ಲರ್ ಆಸ್ಪತ್ರೆ. ನನ್ನ ಉಮ್ಮ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಅಲ್ಲಿಯೇ. ಅವರ ಕೈಯಲ್ಲಿ ತಸ್ಬೀಹ್ ಮಾಲೆಯಿತ್ತು, ಪಕ್ಕದ ಮಂಚದ ಅಜ್ಜಿಯ ಕೈಯಲ್ಲಿ ಜಪಸರ. ಇಬ್ಬರೂ ಒಬ್ಬರ ಮಾಲೆಯನ್ನು ಇನ್ನೊಬ್ಬರು ಕುತೂಹಲದಿಂದ ನೋಡುತ್ತಿದ್ದರು. ಯಾರೂ ಯಾರನ್ನೂ ಬದಲಾಯಿಸಲು ಹೋಗಲಿಲ್ಲ.

ಒಂದು ಪ್ರಾರ್ಥನಾಲಯವನ್ನು ಅರಿಯಬೇಕಾದರೆ ಅದರ ಗೋಡೆ ನೋಡಿದರೆ ಸಾಲದು, ಅದರ ಬಾಗಿಲಿನಿಂದ ಹೊರಬಂದವರು ಬೀದಿಯಲ್ಲಿ ಏನು ಮಾಡಿದರು ಎಂದೂ ನೋಡಬೇಕು. ಇದೇ ಅಳತೆಗೋಲನ್ನು ನಮ್ಮ ಮಸೀದಿಗಳಿಗೂ ಹಿಡಿಯಬೇಕಲ್ಲವೇ? ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯನ್ನು ನೆರೆಯ ಎಷ್ಟು ಮಂದಿ ನೋಡಿದ್ದಾರೆ? ಈಚೆಗೆ ಕೆಲವು ಕಡೆ ಮಸೀದಿ ದರ್ಶನ ಏರ್ಪಡಿಸುತ್ತಿರುವುದು ಒಳ್ಳೆಯದೇ. ಆದರೆ ಕರೆಯುವವನು ತಾನೂ ಒಮ್ಮೆ ಅತಿಥಿಯಾಗಿ ಹೋಗಿರಬೇಕು.

ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಹೋಗಬಹುದು. ಚಪ್ಪಲಿಯ ಸದ್ದು ಮಾಡಬೇಡ, ಅಲ್ಲಿ ಯಾರೋ ಪ್ರಾರ್ಥಿಸುತ್ತಿದ್ದಾರೆ."