ತೇರು, ತೊಟ್ಟಿಲು ಮತ್ತು ಕಡಲದಂಡೆಯ ಮರದ ರೈಲು

ಶೃಂಗೇರಿಯಲ್ಲಿ ನವರಾತ್ರಿ ಮುಗಿಯುತ್ತಿದ್ದಂತೆ ಶಾರದೆಯ ರಥೋತ್ಸವ. ಆಮೇಲೆ ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುವ ಹೊತ್ತಿಗೆ ಸುತ್ತಲಿನ ಜಾತ್ರೆಗಳ ಸರದಿ. ಕೊಪ್ಪದ ವೀರಭದ್ರ ದೇವಸ್ಥಾನ, ನರಸಿಂಹರಾಜಪುರದ ಸಿಂಹನಗದ್ದೆ ಬಸದಿ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ಎಲ್ಲ ಕಡೆಯೂ ತೇರು ಎಳೆಯುತ್ತಾರೆ. ಜಾತ್ರೆ ದೊಡ್ಡದಾದರೆ ಜಾಯಿಂಟ್ ವೀಲ್, ಕೊಲಂಬಸ್, ಟೊರಾ ಟೊರಾ ಲಾರಿ ಏರಿ ಬರುತ್ತವೆ. ತೇರಿಗೂ ತೊಟ್ಟಿಲಿಗೂ ಬೇಕಾದದ್ದು ತಿರುಗುವ ಗಾಲಿ, ಕೂಗುವ ಜನ. ಆದರೆ ತೇರು ಹಳೆಯದಾದಷ್ಟೂ ಊರಿಗೆ ಹೆಮ್ಮೆ. ತೊಟ್ಟಿಲು ಹಳೆಯದಾದಷ್ಟೂ ಗುಜರಿಗೆ ಹತ್ತಿರ. ಮರದ ಪೆಟ್ಟಿಗೆಗಳನ್ನು ತೂಗುಬಿಟ್ಟು, ಕೈಯಿಂದಲೇ ತಿರುಗಿಸುತ್ತಿದ್ದ ರಾಟೆ ತೊಟ್ಟಿಲು ಜಾತ್ರೆಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ. ಅದು ಸುದ್ದಿಯೂ ಆಗಲಿಲ್ಲ.

ಆಗಬೇಕಿತ್ತೇ? ದುಡ್ಡು ಕೊಟ್ಟು ಐದು ನಿಮಿಷ ಕಿರುಚಿ ಇಳಿಯುವ ಯಂತ್ರವನ್ನು ಪರಂಪರೆ ಎಂದು ಕಾಪಾಡುವುದರಲ್ಲಿ ಅರ್ಥವಿದೆಯೇ? ಕಾಪಾಡುವುದಾದರೆ ಅದರಲ್ಲಿ ಯಾವುದನ್ನು?

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ದೂರದ ಕಡಲದಂಡೆಯ ಪಟ್ಟಣಗಳ ಜನ. ಮೆಲ್ಬರ್ನ್‌ನ ಸೇಂಟ್ ಕಿಲ್ಡಾ ಕಡಲತೀರದ ಲೂನಾ ಪಾರ್ಕಿನಲ್ಲಿ 1912ರಲ್ಲಿ ಶುರುವಾದ ಮರದ ಆಟದ ರೈಲು ‘ಸೀನಿಕ್ ರೈಲ್ವೆ’ ಇದೆ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1904ರ ‘ಹಾರುವ ಯಂತ್ರ’ ಎಂಬ ಆಟವಿದೆ. ಅದನ್ನು ಮಾಡಿದ ಹೈರಂ ಮ್ಯಾಕ್ಸಿಂ ಮೆಷಿನ್‌ಗನ್ ಕಂಡುಹಿಡಿದವನೂ ಹೌದು. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1927ರ ‘ಸೈಕ್ಲೋನ್’ ಎಂಬ ರೋಲರ್ ಕೋಸ್ಟರನ್ನು ನಗರಾಡಳಿತ 1988ರಲ್ಲಿ ಸಂರಕ್ಷಿತ ಸ್ಮಾರಕ ಮಾಡಿತು. ಮರುವರ್ಷ ಅಲ್ಲಿನ 1920ರ ‘ವಂಡರ್ ವೀಲ್’ ಸಹ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರದ್ದರ ಗತಿ ಬೇರೆ. ಅಲ್ಲೇ ಹತ್ತಿರದಲ್ಲಿದ್ದ 1925ರ ‘ಥಂಡರ್‌ಬೋಲ್ಟ್’ ಹದಿನೆಂಟು ವರ್ಷ ಪಾಳು ನಿಂತು, 2000ದಲ್ಲಿ ನಗರಾಡಳಿತದ ಕೈಯಿಂದಲೇ ನೆಲಸಮವಾಯಿತು.

ಉಪ್ಪುಗಾಳಿ ಮರವನ್ನೂ ಕಬ್ಬಿಣವನ್ನೂ ಸುಮ್ಮನೆ ಬಿಡುವುದಿಲ್ಲ. ಸೈಕ್ಲೋನ್ ಓಡಬೇಕಾದರೆ ಸವೆದ ಹಲಗೆ ತೆಗೆದು ಹೊಸದು ಹಾಕುತ್ತಲೇ ಇರಬೇಕು. ಪ್ರತಿ ಚಳಿಗಾಲದಲ್ಲಿ ಒಂದಿಷ್ಟು ಹಳಿ ಬದಲಾಗುತ್ತದೆ. ಹಾಗಾದರೆ ಸಂರಕ್ಷಿತ ಸ್ಮಾರಕ ಯಾವುದು? 1927ರ ಮರ ಅದರಲ್ಲಿ ಎಷ್ಟಿದ್ದೀತು?

ಪಾಳಿಯ ‘ಮಿಲಿಂದ ಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನ ಇದೇ ಧಾಟಿಯಲ್ಲಿ ಯವನ ದೊರೆ ಮಿಲಿಂದನನ್ನು ಕೆಣಕುತ್ತಾನೆ. ನೀನು ಏರಿ ಬಂದ ರಥ ಎಂದರೆ ಯಾವುದು? ಮೂಕಿಯೇ, ಅಚ್ಚೇ, ಗಾಲಿಯೇ, ನೊಗವೇ? ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ನಾವು ಇಡುವ ಹೆಸರು ರಥ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಬಿಡಿಭಾಗ ಬದಲಾದರೆ ವಸ್ತು ಹೋಯಿತೆಂದು ಹೆದರುವವರಿಗೆ ಇದು ಒಳ್ಳೆಯ ಸಮಾಧಾನ. ಆದರೆ ನಾಗಸೇನನ ಪಟ್ಟಿಯಲ್ಲಿ ಒಂದು ಕೊರತೆಯಿದೆ. ಅದರಲ್ಲಿ ಸಾರಥಿ ಇಲ್ಲ.

ಮೆಲ್ಬರ್ನ್‌ನ ಮರದ ರೈಲಿನಲ್ಲಿ ಸಾರಥಿ ಇದ್ದಾನೆ. ಬಂಡಿಯ ನಡುವೆ ನಿಂತು, ಇಳಿಜಾರಿನಲ್ಲಿ ಎಷ್ಟು ಬಿಡಬೇಕು, ತಿರುವಿನಲ್ಲಿ ಎಷ್ಟು ಹಿಡಿಯಬೇಕು ಎಂದು ನಿರ್ಧರಿಸುವ ಬ್ರೇಕ್‌ಮನ್ ಅವನು. ಅವನಿಲ್ಲದೆ ಆ ರೈಲು ಓಡುವಂತಿಲ್ಲ. ತೇರಿನ ಬುಡದಲ್ಲೂ ಅಂಥವರೇ ಇರುತ್ತಾರೆ. ಹಗ್ಗ ಹಿಡಿದ ನೂರಾರು ಜನರಿಗೆ ಎಳೆಯುವುದಷ್ಟೇ ಕೆಲಸ. ತೇರು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಗಾಲಿಗೆ ಸನ್ನೆ ಕೊಡುವವರ ಕೈಯಲ್ಲಿದೆ. ಈ ತಿಳಿವಳಿಕೆ ನಕ್ಷೆಯಲ್ಲಿ ಸಿಗುವುದಿಲ್ಲ. ತೇರು ನಡೆಯುವಾಗ ಹಳಬರ ಪಕ್ಕ ನಿಂತವರಿಗೆ ಮಾತ್ರ ಬರುತ್ತದೆ.

ಹೀಗಾಗಿ ಓಡುವ ವಸ್ತುವನ್ನು ಕಟ್ಟಡದಂತೆ ಕಾಪಾಡಲು ಹೋದರೆ ಕೈಗೆ ಸಿಗುವುದು ಬೇರೆಯೇ. ಹಂಪಿಯ ಕಲ್ಲಿನ ರಥದ ಗಾಲಿಗಳು ಹಿಂದೆ ತಿರುಗುತ್ತಿದ್ದವು ಎನ್ನುತ್ತಾರೆ. ಸವೆಯದಿರಲೆಂದು ಗಚ್ಚು ಹಾಕಿ ಅವನ್ನು ನಿಲ್ಲಿಸಲಾಯಿತು. ಅದು ಮೂಲತಃ ರಥದ ರೂಪದ ಗುಡಿಯಾದ್ದರಿಂದ ನಿಲ್ಲಿಸಿದ್ದು ಸರಿಯೇ. ಕೋನಿ ಐಲೆಂಡ್‌ನ ‘ಪ್ಯಾರಾಚೂಟ್ ಜಂಪ್’ ಗುಡಿಯಲ್ಲ. 1939ರ ವಿಶ್ವಮೇಳಕ್ಕಾಗಿ ಕಟ್ಟಿ, 1941ರಲ್ಲಿ ಸಮುದ್ರದಂಡೆಗೆ ತಂದ ಆ ಗೋಪುರದಿಂದ ಜನ ಪ್ಯಾರಾಚೂಟಿನಡಿ ಕುಳಿತು ಇಳಿಯುತ್ತಿದ್ದರು. 1960ರ ದಶಕದಲ್ಲಿ ಆಟ ನಿಂತಿತು, 1989ರಲ್ಲಿ ಸ್ಮಾರಕದ ಪಟ್ಟ ಸಿಕ್ಕಿತು. ಈಗ ರಾತ್ರಿ ಅದಕ್ಕೆ ದೀಪ ಹಾಕುತ್ತಾರೆ. ಉಕ್ಕು ಉಳಿಯಿತು, ಆಟ ಉಳಿಯಲಿಲ್ಲ.

ಬಿಡಿಭಾಗ ಬದಲಿಸಿಯಾದರೂ ಓಡಿಸಬೇಕೆಂಬ ಈ ಮಾತಿಗೆ ತಿರುಗೇಟು ಕೊಡುವವರಿದ್ದಾರೆ. ಮೂಲವಸ್ತುವೇ ಪುರಾವೆ; ಹಳೆಯ ಮೊಳೆ, ಹಳೆಯ ಗರಗಸದ ಗುರುತು ಹೇಳುವ ಇತಿಹಾಸವನ್ನು ಹೊಸ ಹಲಗೆ ಹೇಳಲಾರದು. ಎಲ್ಲವನ್ನೂ ಬದಲಿಸಿ ‘ಅದೇ’ ಎನ್ನುವುದಾದರೆ ನಕಲಿಗೂ ಅಸಲಿಗೂ ಏನು ವ್ಯತ್ಯಾಸ? ವಾದ ತಳ್ಳಿಹಾಕುವಂಥದ್ದಲ್ಲ. ಎರಡು ಬೆಂಕಿ ಅನಾಹುತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರದ ದಾರಿ ಕಾಣುತ್ತದೆ. ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲ ಪಟ್ಟಣದ ‘ಡ್ರೀಮ್‌ಲ್ಯಾಂಡ್’ನಲ್ಲಿ 1920ರ ಮರದ ರೈಲು 2002ರಲ್ಲೇ ಸಂರಕ್ಷಿತ ಪಟ್ಟಿ ಸೇರಿತ್ತು. 2008ರಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಸುಟ್ಟಿತು. ಊರಿನವರ ಹೋರಾಟದ ಫಲವಾಗಿ ಮತ್ತೆ ಕಟ್ಟಿ 2015ರಲ್ಲಿ ಓಡಿಸಿದರು. ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ 2017ರಲ್ಲಿ ಕಿಡಿಗೇಡಿಯೊಬ್ಬ ಬೆಂಕಿ ಇಟ್ಟ. ನವದಂಪತಿಗಳು ಕಾದು ಬರುವ ಆಷಾಢದ ಆ ರಥೋತ್ಸವ ವರ್ಷಗಟ್ಟಲೆ ನಿಂತು, 2022ರಲ್ಲಿ ಹೊಸ ತೇರಿನೊಂದಿಗೆ ಮರಳಿತು. ಅದು ಹಳೆಯ ತೇರೇ ಎಂದು ಅಲ್ಲಿ ಯಾರೂ ಸುಳ್ಳು ಹೇಳಬೇಕಾಗಲಿಲ್ಲ. ತೇರು ಹೊಸದು, ಉತ್ಸವ ಹಳೆಯದು. ಬೀದಿ, ತಿಥಿ, ಹಗ್ಗ ಹಿಡಿಯುವ ಊರು ಬದಲಾಗಿರಲಿಲ್ಲ. ಮರವನ್ನು ಬದಲಿಸುವುದು ತಪ್ಪಲ್ಲ, ಬದಲಿಸಿದ್ದನ್ನು ಮುಚ್ಚಿಡುವುದು ತಪ್ಪು.

ಶೃಂಗೇರಿಗೆ ಈ ಮಾತು ಹೊಸದಲ್ಲ. ಶಂಕರರು ಪ್ರತಿಷ್ಠಾಪಿಸಿದ ಶಾರದೆ ಗಂಧದ ಮರದ ಮೂರ್ತಿಯಾಗಿದ್ದಳು, ವಿದ್ಯಾರಣ್ಯರ ಕಾಲದಲ್ಲಿ ಚಿನ್ನದ ಮೂರ್ತಿ ಬಂತು ಎಂಬುದು ಮಠದ ಪರಂಪರೆಯ ಮಾತು. ಈಗಿನ ಕಲ್ಲಿನ ಗುಡಿಗೆ ಕುಂಭಾಭಿಷೇಕ ಆದದ್ದು 1916ರಲ್ಲಿ. ಮೂರ್ತಿ, ಗೋಡೆ ಎರಡೂ ಬದಲಾದವು. ಪೂಜೆ ತಪ್ಪಲಿಲ್ಲ, ಬದಲಾದ ಕತೆಯನ್ನು ಬಚ್ಚಿಡಲೂ ಇಲ್ಲ.

ಇನ್ನೊಂದು ಆಕ್ಷೇಪ ಜೀವಕ್ಕೆ ಸಂಬಂಧಿಸಿದ್ದು. 2017ರಲ್ಲೇ ಕೊಟ್ಟೂರಿನಲ್ಲಿ ಸಾವಿರಾರು ಭಕ್ತರ ನಡುವೆ ಕೊಟ್ಟೂರೇಶ್ವರನ ತೇರು ಉರುಳಿಬಿತ್ತು. ಹಳೆಯದೆಂಬ ಪ್ರೀತಿ ಅಚ್ಚಿನ ಬಿರುಕನ್ನು ಮುಚ್ಚುವುದಿಲ್ಲ. ಓಡಿಸುತ್ತಲೇ ಕಾಪಾಡುವುದೆಂದರೆ ಪ್ರತಿ ವರ್ಷ ಬಿಚ್ಚಿ ನೋಡುವುದು, ಭಾರ ಹಾಕಿ ಪರೀಕ್ಷಿಸುವುದು, ಸಂಶಯ ಬಂದರೆ ಆ ವರ್ಷ ನಿಲ್ಲಿಸುವುದು. ಅಷ್ಟಕ್ಕೆ ಜನ, ದುಡ್ಡು ಇಲ್ಲದಿದ್ದರೆ ಮ್ಯೂಸಿಯಂ ಸೇರಿಸುವುದೇ ಪ್ರಾಮಾಣಿಕ ದಾರಿ.

ನಮ್ಮ ಕಾನೂನಿಗೆ ಈ ಬಗೆಯ ವಸ್ತು ಕಣ್ಣಿಗೆ ಬೀಳುವುದೇ ಕಷ್ಟ. 1958ರ ಕೇಂದ್ರ ಕಾಯ್ದೆ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷ ಕೇಳುತ್ತದೆ. ಅದರ ಮನಸ್ಸಿನಲ್ಲಿರುವುದು ಕಟ್ಟಡ, ಗುಹೆ, ಶಾಸನ. ಆದರೆ ಓಡಿಸುತ್ತ ಉಳಿಸಿದ ಉದಾಹರಣೆ ಪಕ್ಕದಲ್ಲೇ ಇದೆ. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ನೀಲಗಿರಿ ರೈಲಿಗೆ ತಿರುಚಿರಾಪಳ್ಳಿಯ ರೈಲ್ವೆ ಕಾರ್ಯಾಗಾರ ಹೊಸ ಉಗಿ ಎಂಜಿನ್‌ಗಳನ್ನೇ ಮಾಡಿಕೊಟ್ಟಿತು. ಮಾಡುವ ಕೈ ಉಳಿದಿದ್ದರಿಂದ ಊಟಿಯ ರೈಲು ಇವತ್ತಿಗೂ ಗುಡ್ಡ ಹತ್ತುತ್ತದೆ. ನರಸಿಂಹರಾಜಪುರಕ್ಕೂ ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ 2 ಅಡಿ ಅಗಲದ ಹಳಿಯ ಪುಟ್ಟ ಟ್ರಾಮ್ ಬರುತ್ತಿತ್ತು. ಅದು ನಿಂತಿತು, ಹಳಿ ಹೋಯಿತು. ಅದನ್ನು ಓಡಿಸಲು ಗೊತ್ತಿದ್ದವರ ಕಾಲವೂ ಮುಗಿಯಿತು.

ಟ್ರಾಮ್ ವಾಪಸ್ ಬರಲಾರದು. ಕೈತೊಟ್ಟಿಲಿಗೆ ಇನ್ನೂ ಅವಕಾಶವಿದೆ, ಅದಕ್ಕೆ ದೊಡ್ಡ ಯೋಜನೆಯೂ ಬೇಡ. ಹಲವು ಊರುಗಳಲ್ಲಿ ಜಾತ್ರೆ ಮೈದಾನದ ಜಾಗ ಹರಾಜಾಗುತ್ತದೆ; ಹೆಚ್ಚು ಕೂಗಿದವರಿಗೆ ಜಾಗ. ಡೀಸೆಲ್ ಜನರೇಟರಿನ ಜಾಯಿಂಟ್ ವೀಲಿನ ಎದುರು ನಾಲ್ಕು ಮಕ್ಕಳನ್ನು ಕೂರಿಸಿ ಕೈಯಿಂದ ತಿರುಗಿಸುವವನು ಆ ಹರಾಜಿನಲ್ಲಿ ಗೆಲ್ಲುವುದಿಲ್ಲ. ಕೊಪ್ಪದಲ್ಲೋ ನರಸಿಂಹರಾಜಪುರದಲ್ಲೋ ಜಾತ್ರೆ ಸಮಿತಿಯೊಂದು ಅವನಿಗಾಗಿ ಒಂದಿಷ್ಟು ಜಾಗವನ್ನು ಬಾಡಿಗೆಯಿಲ್ಲದೆ ಬಿಡಬಹುದು. ಮರ ಸವೆದಾಗ ತೇರಿಗೆ ಕೆಲಸ ಮಾಡುವ ಬಡಗಿಗಳಿಂದಲೇ ಅದನ್ನೂ ದುರಸ್ತಿ ಮಾಡಿಸಬಹುದು. ಜೊತೆಗೊಬ್ಬ ಹುಡುಗ ತಿರುಗಿಸುವುದನ್ನು ಕಲಿಯಲಿ ಎಂಬ ಒಂದೇ ಷರತ್ತು ಹಾಕಿದರೆ ಸಾಕು.