ಬಿಗಿತ ಎಲ್ಲಿದೆ?

ಬೆನ್ನು ಸೆಟೆದುಕೊಂಡಿದೆ ಎನ್ನುವವರ ಬೆನ್ನನ್ನು ಅಳೆದು ನೋಡಿದರೆ ಅದು ಎಷ್ಟೋ ಸಲ ಅಷ್ಟೇನೂ ಬಿಗಿದಿರುವುದಿಲ್ಲ. ಹಾಗಾದರೆ ಅವರ ಅನುಭವ ಸುಳ್ಳೇ? 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ದೀರ್ಘಕಾಲದ ಬೆನ್ನುನೋವಿನವರು ಹೇಳಿದ ಬಿಗಿತಕ್ಕೂ ಬೆನ್ನುಮೂಳೆಯನ್ನು ಒತ್ತಿ ಯಂತ್ರ ಅಳೆದ ಬಿಗಿತಕ್ಕೂ ತಾಳೆಯಾಗಲಿಲ್ಲ. ಒತ್ತುವಾಗ ಬಾಗಿಲು ಕಿರುಗುಟ್ಟುವ ಸದ್ದು ಕೇಳಿಸಿದರೆ ಒತ್ತಡದ ಬಗ್ಗೆ ಅವರ ಅಂದಾಜೇ ಬದಲಾಯಿತು. ಬಿಗಿತದ ಅನುಭವ ಸ್ನಾಯುವಿನ ವರದಿಯಷ್ಟೇ ಅಲ್ಲ, ಬೆನ್ನನ್ನು ಕಾಪಾಡಲು ಮಿದುಳು ಮಾಡುವ ಊಹೆಯೂ ಹೌದು ಎಂದು ಇದರಿಂದ ತಿಳಿಯುತ್ತದೆ.

ನೋವೆಲ್ಲ ಮನಸ್ಸಿನ ಭ್ರಮೆ ಎಂದಂತಾಯಿತಲ್ಲ ಎಂಬ ಆಕ್ಷೇಪ ಸಹಜ. ಅದ್ವೈತಿಗಳ ಹಗ್ಗ-ಹಾವಿನ ದೃಷ್ಟಾಂತ ಇಲ್ಲಿ ನೆರವಿಗೆ ಬರುತ್ತದೆ. ಹಾವು ಇಲ್ಲದಿದ್ದರೂ, ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಂಡವನ ಎದೆಬಡಿತ, ನಡುಕ ನಿಜ. ಅವನನ್ನು ಗದರಿಸಿದರೆ ಭಯ ಹೋಗದು, ದೀಪ ಹಿಡಿಯಬೇಕು. ಬೆನ್ನಿಗೆ ಆ ದೀಪವೆಂದರೆ ಚಲನೆ: ದಿನದಿನವೂ ಸ್ವಲ್ಪಸ್ವಲ್ಪವೇ ಬಾಗಿ, ಹೊರಳಿ ಅಭ್ಯಾಸವಾದಂತೆ ಮಿದುಳಿನ ಕಾವಲು ಸಡಿಲಗೊಳ್ಳಬಲ್ಲದು. ಎಲ್ಲ ಬಿಗಿತವೂ ಹೀಗಲ್ಲ ಎಂಬುದನ್ನು ಒಪ್ಪಲೇಬೇಕು. ಬೆಳಿಗ್ಗೆ ಎದ್ದು ಅರ್ಧ ಗಂಟೆ ಮೀರಿದರೂ ಬಿಡದ ಬಿಗಿತ ಉರಿಯೂತದ ಸಂಧಿವಾತದ ಸೂಚನೆಯಾಗಿರಬಹುದು. ಕಾಲು ಸ್ವಾಧೀನ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಉಳಿದಂತೆ, ನೊಂದವರ ಮಾತನ್ನು ನಂಬೋಣ. ಬೆನ್ನು ಕೆಟ್ಟೇಹೋಯಿತೆಂಬ ಭಯವನ್ನು ನಂಬದಿರೋಣ.