ಬೆರಗಿಗೆ ಐವತ್ತು ದಿನ

ಯೇಸುಸ್ವಾಮಿ ಸಮಾಧಿಯಿಂದ ಎದ್ದ ಗಳಿಗೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಶುಭಸಂದೇಶ ಬರೆದ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ನಾಲ್ವರೂ ಶಿಲುಬೆಯ ಯಾತನೆಯನ್ನು ಹೊತ್ತಿನ ಲೆಕ್ಕ ಹಿಡಿದು ಬರೆದಿಟ್ಟರು. ಯಾರು ಉಗುಳಿದರು, ಯಾರು ಚಾಟಿ ಬೀಸಿದರು, ಬಟ್ಟೆಗೆ ಯಾರು ಚೀಟಿ ಹಾಕಿದರು ಎಲ್ಲವೂ ಅಲ್ಲಿದೆ. ಪುನರುತ್ಥಾನದ ಕ್ಷಣದ ಬಗ್ಗೆ ಮಾತ್ರ ನಾಲ್ವರದೂ ಮೌನ. ನಮಗೆ ಸಿಗುವುದೆಲ್ಲ ಆಮೇಲಿನ ಸಂಗತಿ: ಉರುಳಿಹೋದ ಕಲ್ಲು, ಮಡಿಸಿಟ್ಟ ಬಟ್ಟೆ, ಸುಗಂಧದ್ರವ್ಯ ಹಿಡಿದು ಬಂದು ದಿಕ್ಕುತೋಚದೆ ನಿಂತ ಹೆಂಗಸರು.

ಆ ಹೆಂಗಸರಿಗೆ ಮೊದಲು ಬಂದದ್ದು ಸಂತೋಷವಲ್ಲ, ಭಯ. ಮಾರ್ಕನ ಪ್ರಕಾರ ಅವರು ನಡುಗುತ್ತ ಓಡಿಹೋದರು, ಯಾರಿಗೂ ಏನೂ ಹೇಳಲಿಲ್ಲ. ಅವರು ತಂದ ಸುದ್ದಿ ಪ್ರೇಷಿತರಿಗೆ ಹುಚ್ಚು ಮಾತಿನಂತೆ ಕೇಳಿಸಿತೆಂದು ಲೂಕ ಬರೆಯುತ್ತಾನೆ. ನಂಬಿಕೆಗೆ ಬುನಾದಿಯಾಗಬೇಕಾದ ದಿನದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರಲ್ಲ ಎಂದು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ದೊಡ್ಡದೊಂದು ಎದುರಿಗೆ ಬಂದು ನಿಂತರೆ ಮನಸ್ಸು ತಕ್ಷಣ ಬಾಗಿಲು ತೆರೆಯುವುದಿಲ್ಲ. ಬೆರಗು ಒಳಗೆ ಇಳಿಯಲು ಕಾಲ ಬೇಕು, ಕತ್ತಲೂ ಬೇಕು. ಈಸ್ಟರ್ ಆರಾಧನೆಯಲ್ಲಿ ಈ ಎರಡಕ್ಕೂ ಜಾಗವಿದೆ. ಚಾಮರಾಜನಗರ, ಗುಂಡ್ಲುಪೇಟೆಯ ನೆಲದಲ್ಲಿ ನಿಂತು ನೋಡಿದವರಿಗೆ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕ್ರಿಸ್‌ಮಸ್‌ನಂತೆ ಈಸ್ಟರಿಗೆ ಗೊತ್ತಾದ ತಾರೀಖಿಲ್ಲ. ಮಾರ್ಚ್ 21ರ ಆಚೀಚೆ ಹಗಲು ರಾತ್ರಿ ಸಮನಾಗುತ್ತವಲ್ಲ, ಅದರ ನಂತರದ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ಹಬ್ಬ ಯಾವಾಗಲೂ ಭಾನುವಾರವೇ ಬರಬೇಕು, ಎಲ್ಲೆಡೆ ಒಂದೇ ದಿನ ಆಗಬೇಕು ಎಂದು ಕ್ರಿ.ಶ. 325ರ ನೈಸಿಯಾ ಮಹಾಸಭೆ ಒಪ್ಪಿತು. ಹೀಗಾಗಿ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆ ಓಡಾಡುತ್ತದೆ. ಹೆಚ್ಚಿನ ವರ್ಷ ಯುಗಾದಿಯ ಬೆನ್ನಿಗೇ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಯುಗಾದಿ ಜಾತ್ರೆ ಮುಗಿಸಿದ ಜನ ಊರು ಸೇರುವ ಹೊತ್ತಿಗೆ, ಅದೇ ಸೀಮೆಯ ಮಾರ್ಟಳ್ಳಿಯ ಕ್ರೈಸ್ತರು ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಸಿದ್ಧರಾಗುತ್ತಿರುತ್ತಾರೆ. ಅವರದು ತಮಿಳು ಮನೆಮಾತು. ಗುಂಡ್ಲುಪೇಟೆಯ ಕಡೆ ವಯನಾಡಿನಿಂದ ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಮಲಯಾಳಿ ಕ್ರೈಸ್ತರಿದ್ದಾರೆ. ನಡುವೆ ಕನ್ನಡದಲ್ಲಿ ಜಪ ಹೇಳುವ ಮನೆಗಳಿವೆ. ಚಂದ್ರನನ್ನು ನೋಡಿ ಹಬ್ಬ ಗೊತ್ತುಮಾಡುವುದು ಈ ಮೂವರಿಗೂ ಅವರ ಅಕ್ಕಪಕ್ಕದವರಿಗೂ ಹೊಸದೇನಲ್ಲ.

ಆ ಹೊತ್ತಿಗೆ ನೆಲ ಒಣಗಿ ಬಿರಿದಿರುತ್ತದೆ. ಬಂಡೀಪುರದ ಕಾಡು ಎಲೆ ಉದುರಿಸಿ ನಿಂತಿರುತ್ತದೆ. ಬೆಂಕಿರೇಖೆ ಕಾಯುವವರು ಹಗಲುರಾತ್ರಿ ಎಚ್ಚರವಿರಬೇಕಾದ ಕಾಲ ಅದು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ಹೊತ್ತಿ ಉರಿದದ್ದನ್ನು ಈ ಕಡೆಯವರು ಮರೆತಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳಿಗೆ ಇಲ್ಲಿ ಬೇರೆ ವ್ಯಾಖ್ಯಾನ ಬೇಡ. ಶಿಲುಬೆಹಾದಿಯ ಹದಿನಾಲ್ಕು ನಿಲುಗಡೆಗಳನ್ನು ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆಯುವವನಿಗೆ ಕಾದ ಮಣ್ಣೇ ಅರ್ಥ ಹೇಳುತ್ತದೆ. ಪವಿತ್ರ ಗುರುವಾರದ ಸಂಜೆ ಗಂಟೆಗಳು ಮೌನವಾದರೆ ಮತ್ತೆ ದನಿ ಎತ್ತುವುದು ಶನಿವಾರದ ರಾತ್ರಿ.

ಆ ರಾತ್ರಿಗೊಂದು ಚರಿತ್ರೆಯಿದೆ. ಈಸ್ಟರ್ ಜಾಗರಣೆ ಮೊದಲಿಗೆ ರಾತ್ರಿಯ ಆರಾಧನೆಯೇ ಆಗಿತ್ತು. ಕಾಲ ಸರಿದಂತೆ ಅದು ಹಿಂದಕ್ಕೆ ಜರುಗುತ್ತ ಜರುಗುತ್ತ ಕಥೋಲಿಕ ಸಭೆಯಲ್ಲಿ ಶನಿವಾರದ ಬೆಳಗಿನ ಹೊತ್ತಿಗೆ ಬಂದು ನಿಂತಿತ್ತು. ಕತ್ತಲನ್ನು ಗೆದ್ದ ಬೆಳಕಿನ ಹಾಡನ್ನು ಜನ ಬಿಸಿಲಿನಲ್ಲಿ ಕೇಳುತ್ತಿದ್ದರು. 1951ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಜಾಗರಣೆಯನ್ನು ರಾತ್ರಿಗೆ ಮರಳಿಸಲು ಅನುಮತಿ ಕೊಟ್ಟರು. 1955ರ ಆಜ್ಞೆಯಿಂದ ಅದು ಎಲ್ಲೆಡೆಗೂ ನಿಯಮವಾಯಿತು. ಹಬ್ಬಕ್ಕೆ ಅದರ ಕತ್ತಲು ಮರಳಿ ಸಿಕ್ಕಿತು.

ಗುಂಡ್ಲುಪೇಟೆಯ ಪಕ್ಕದಲ್ಲೇ ಕತ್ತಲು ಮರಳಿ ಪಡೆದ ಇನ್ನೊಂದು ಜಾಗವಿದೆ. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಬಿಡುವುದು ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳನ್ನಷ್ಟೇ. ಈಸ್ಟರ್ ಜಾಗರಣೆಗೆ ವಯನಾಡಿನ ತಮ್ಮ ಊರು ಮುಟ್ಟಬೇಕೆನ್ನುವ ಶುಂಠಿ ಬೆಳೆಗಾರರು ಒಂಬತ್ತರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಿರಬೇಕು, ಇಲ್ಲದಿದ್ದರೆ ಈ ಕಡೆಯ ಚರ್ಚಿನಲ್ಲೇ ಜಾಗರಣೆ ಕೂರಬೇಕು. ರಾತ್ರಿ ನಿರ್ಬಂಧದ ಬಗ್ಗೆ ಎರಡು ರಾಜ್ಯಗಳ ನಡುವೆ ವಾದ ನಡೆದೇ ಇದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಆನೆ, ಹುಲಿ, ಕಡವೆಗಳ ಪಾಲಿನ ಕತ್ತಲನ್ನು ಅವುಗಳಿಗೇ ಬಿಟ್ಟು ಮನುಷ್ಯ ತನ್ನ ದೀಪ ಆರಿಸಿ ಹಿಂದೆ ಸರಿದ ಜಾಗ ನಮ್ಮ ಮನೆಯ ಹಿತ್ತಿಲಲ್ಲೇ ಇದೆ. ಹಾಗೆ ಹಿಂದೆ ಸರಿಯಬಲ್ಲವರಿಗೆ ಪವಿತ್ರ ಶನಿವಾರದ ರಾತ್ರಿ ಅರ್ಥವಾಗುತ್ತದೆ.

ಆ ರಾತ್ರಿ ಚರ್ಚಿನ ಎಲ್ಲ ದೀಪಗಳನ್ನೂ ಆರಿಸುತ್ತಾರೆ. ಅಂಗಳದಲ್ಲಿ ಸೌದೆ ಒಟ್ಟಿ ಹೊಸ ಬೆಂಕಿ ಮಾಡುತ್ತಾರೆ. ಗುರುಗಳು ದೊಡ್ಡ ಮೇಣದಬತ್ತಿಯ ಮೇಲೆ ಒಂದು ಶಿಲುಬೆ ಗೀರಿ, ಅದರ ಮೇಲೆ ಆಲ್ಫಾ, ಕೆಳಗೆ ಒಮೇಗಾ, ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿಗಳನ್ನು ಬರೆಯುತ್ತಾರೆ. ಐದು ಗಾಯಗಳ ಗುರುತಿಗೆ ಐದು ಧೂಪದ ಗುಂಡುಗಳನ್ನು ಚುಚ್ಚುತ್ತಾರೆ. ಬೆಂಕಿಯಿಂದ ಬತ್ತಿ ಹೊತ್ತಿಸಿಕೊಂಡು ಕತ್ತಲೊಳಗೆ ಹೆಜ್ಜೆ ಇಡುತ್ತಾರೆ, ದಾರಿಯಲ್ಲಿ ಮೂರು ಕಡೆ ನಿಂತು ಹಾಡುತ್ತಾರೆ. ಅದರಿಂದ ಒಬ್ಬರು ತಮ್ಮ ಪುಟ್ಟ ಬತ್ತಿ ಹೊತ್ತಿಸಿಕೊಂಡು ಪಕ್ಕದವರಿಗೆ ಬಾಗಿಸುತ್ತಾರೆ. ಗಾಳಿಗೆ ಅಂಗೈ ಅಡ್ಡ ಹಿಡಿದ ಮುದುಕಿ, ಕರಗಿದ ಮೇಣ ಬೆರಳಿಗೆ ತಾಕಿ ಚುರ್ ಎಂದರೂ ಬತ್ತಿ ಬಿಡದ ಮಗು, ಒಂದೊಂದಾಗಿ ಕಾಣಿಸಿಕೊಳ್ಳುವ ಮುಖಗಳು. ದೊಡ್ಡ ಬತ್ತಿಯ ಜ್ವಾಲೆ ಇಷ್ಟು ಹಂಚಿದರೂ ಒಂದಿಷ್ಟೂ ಕುಗ್ಗಿರುವುದಿಲ್ಲ. ಇದು ಎಲ್ಲರಿಗೂ ತಿಳಿದ ಸಂಗತಿ. ಪ್ರತಿ ವರ್ಷ ಎದುರಿಗೆ ನಿಂತಾಗ ನನಗೆ ಹೊಸದಾಗಿಯೇ ತಿಳಿಯುತ್ತದೆ.

ಆಮೇಲೆ ಆ ಬತ್ತಿಯ ಮುಂದೆ ಒಂದು ದೀರ್ಘ ಸ್ತುತಿ. ಶತಮಾನಗಳಷ್ಟು ಹಳೆಯ ಅದರ ಲ್ಯಾಟಿನ್ ಮೂಲದಲ್ಲಿ ಪಾಪ, ಬಿಡುಗಡೆ, ಕೆಂಪು ಸಮುದ್ರ ಇವುಗಳ ನಡುವೆ ಇದ್ದಕ್ಕಿದ್ದಂತೆ ಜೇನುನೊಣಗಳ ಮಾತು ಬರುತ್ತದೆ. ಆ ಮೇಣ ಅವುಗಳ ದುಡಿಮೆ ಎಂದು ನೆನೆಯುತ್ತಾರೆ. ಕೆಲಸಗಾರ ನೊಣ ತಾನು ಉಂಡ ಜೇನನ್ನೇ ಮೈಯೊಳಗೆ ಮೇಣ ಮಾಡಿ, ಹೊಟ್ಟೆಯ ಅಡಿಯಿಂದ ಸಣ್ಣ ಚಕ್ಕೆಗಳಾಗಿ ಹೊರಬಿಡುತ್ತದೆ. ಮೇಣದ ತೂಕಕ್ಕಿಂತ ಹಲವು ಪಟ್ಟು ಜೇನು ಅದಕ್ಕೆ ಖರ್ಚಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ಇಳಿಸುವ ಕಾಲವೂ ಹೆಚ್ಚುಕಡಿಮೆ ಇದೇ. ಎತ್ತರದ ಮರ ಹತ್ತಿ ಗೂಡಿಗೆ ಕೈಹಾಕುವವನು ನೊಣದ ಉಪಕಾರ ಬಲ್ಲವನು. ದೇವರ ಮಹಿಮೆ ಹಾಡುತ್ತಲೇ ಒಂದು ಹುಳುವಿಗೂ ಕೃತಜ್ಞತೆ ಹೇಳುವ ಪ್ರಾರ್ಥನೆ ನನಗೆ ತುಂಬ ಇಷ್ಟ. ನಿಜವಾದ ಬೆರಗು ದೊಡ್ಡದನ್ನು ನೋಡುವ ಭರದಲ್ಲಿ ಸಣ್ಣದನ್ನು ಮರೆಯುವುದಿಲ್ಲ.

ಈಸ್ಟರ್ ಆ ಒಂದು ರಾತ್ರಿಗೆ ಮುಗಿಯುವುದಿಲ್ಲ. ಚರ್ಚಿನ ಪಂಚಾಂಗದಲ್ಲಿ ಅದಕ್ಕೆ ಐವತ್ತು ದಿನ. ಪೆಂತೆಕೋಸ್ತ್ ಹಬ್ಬದವರೆಗೆ ಆ ದೊಡ್ಡ ಬತ್ತಿ ಪೀಠದ ಬಳಿಯೇ ಇರುತ್ತದೆ. ತಪಸ್ಸಿಗೆ ನಲವತ್ತು, ಸಂತೋಷಕ್ಕೆ ಐವತ್ತು! ನಾವು ಮಾತ್ರ ನಲವತ್ತನ್ನು ಶ್ರದ್ಧೆಯಿಂದ ಎಣಿಸುತ್ತೇವೆ, ಐವತ್ತನ್ನು ಸೋಮವಾರದ ಹೊತ್ತಿಗೇ ಮರೆಯುತ್ತೇವೆ. ಮಾಂಸ ಬಿಟ್ಟ ದಿನಗಳ ಲೆಕ್ಕ ಮನೆಮಂದಿಗೆಲ್ಲ ಗೊತ್ತು, ಸಂತೋಷಪಟ್ಟ ದಿನಗಳ ಲೆಕ್ಕ ಯಾರೂ ಇಡುವುದಿಲ್ಲ. ದುಃಖವನ್ನು ಆಚರಿಸುವುದು ನಮಗೆ ಸುಲಭ. ಬೆರಗನ್ನು ಐವತ್ತು ದಿನ ಹಸಿಯಾಗಿ ಉಳಿಸಿಕೊಳ್ಳುವುದೇ ಕಷ್ಟದ ವ್ರತ.

ಆ ದಿನಗಳಲ್ಲಿ ಓದುವ ಶುಭಸಂದೇಶದ ಪ್ರಸಂಗಗಳಾದರೂ ಎಷ್ಟು ಸಾದಾ! ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವುಗೆ ನಡೆದು ಹೋಗುತ್ತಾರೆ. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ನಡೆದಷ್ಟು ದೂರ. ಜೊತೆಗೆ ಬಂದವನ ಗುರುತು ದಾರಿಯುದ್ದಕ್ಕೂ ಹತ್ತುವುದಿಲ್ಲ, ರಾತ್ರಿಯೂಟಕ್ಕೆ ಕುಳಿತು ರೊಟ್ಟಿ ಮುರಿದಾಗ ಹತ್ತುತ್ತದೆ. ಇನ್ನೊಂದು ಬೆಳಗ್ಗೆ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಬೇಯುತ್ತಿರುತ್ತದೆ. ಸಾವನ್ನು ಗೆದ್ದವನು ರಾತ್ರಿಯೆಲ್ಲ ದುಡಿದು ದಣಿದವರನ್ನು ತಿಂಡಿಗೆ ಕರೆಯುತ್ತಾನೆ. ಮಗ್ದಲದ ಮರಿಯ ಅವನನ್ನು ತೋಟದ ಆಳು ಎಂದುಕೊಳ್ಳುತ್ತಾಳೆ, ಹೆಸರು ಹಿಡಿದು ಕರೆದಾಗ ತಿರುಗಿ ನೋಡುತ್ತಾಳೆ. ಕೈಗೆ ಮಣ್ಣು ಮೆತ್ತಿಕೊಂಡವರ ಸೀಮೆ ಇದು. ತೋಟದಲ್ಲಿ ಬಾಗಿ ಕೆಲಸ ಮಾಡುವವನನ್ನು ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವುದಿಲ್ಲ. ದೇವರು ಹಾಗೆ ಯಾರ ಗಮನಕ್ಕೂ ಬಾರದವನಂತೆ ಕಾಣಿಸಿಕೊಂಡ ಎಂಬುದು ಕಲ್ಲು ಉರುಳಿದ್ದಕ್ಕಿಂತ ದೊಡ್ಡ ಅಚ್ಚರಿ.

ಇದೇ ಐವತ್ತು ದಿನಗಳಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಒಂದರ ಹಿಂದೊಂದು ಬರುತ್ತವೆ. ಹದ ಸಿಕ್ಕರೆ ಉಳುಮೆ, ಬಿತ್ತನೆ. ಜೋಳ, ಸೂರ್ಯಕಾಂತಿ, ಚೆಂಡುಹೂವಿನ ಬೀಜ ಮಣ್ಣು ಸೇರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಹೆದ್ದಾರಿಯ ಇಕ್ಕೆಲದ ಹಳದಿ ಹೊಲಗಳ ಮುಂದೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಗೆ ಏಪ್ರಿಲ್, ಮೇ ತಿಂಗಳ ಈ ಕಾಯುವಿಕೆ ಕಾಣುವುದಿಲ್ಲ. ರೈತನಿಗೆ ಅದು ಗೊತ್ತು. ಬಿತ್ತಿದ ಮಾರನೆಯ ದಿನವೇ ಅವನು ಮಣ್ಣು ಕೆದಕಿ ನೋಡುವುದಿಲ್ಲ.

ನೋವನ್ನು ಅರಿಯದ ಬೆರಗನ್ನು ಈಸ್ಟರಿನ ಬೆರಗು ಎನ್ನಲಾಗದು. ಎದ್ದು ಬಂದ ದೇಹದಲ್ಲಿ ಗಾಯಗಳು ಮಾಯ್ದಿರಲಿಲ್ಲ. ತೋಮನಿಗೆ ಗುರುತು ಸಿಕ್ಕಿದ್ದೇ ಅವುಗಳಿಂದ. 2021ರ ಕೋವಿಡ್ ಕಾಲದಲ್ಲಿ ಏಪ್ರಿಲ್ 4ಕ್ಕೆ ಈಸ್ಟರ್ ಬಂದಿತ್ತು. ಹಬ್ಬದ ಆ ಐವತ್ತು ದಿನಗಳ ನಡುವೆಯೇ, ಮೇ 2ರ ಭಾನುವಾರ ಕಳೆದು ಸೋಮವಾರ ಬೆಳಗಾಗುವಷ್ಟರಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಪ್ರಾಣಬಿಟ್ಟರು. ಸರ್ಕಾರದ ಮೊದಲ ಲೆಕ್ಕಕ್ಕೆ ಬಂದವರೇ 24 ಮಂದಿ. ಪುನರುತ್ಥಾನದ ಸಂಜೆ ಬಾಗಿಲು ಹಾಕಿಕೊಂಡು ಕುಳಿತ ಶಿಷ್ಯರ ಮೇಲೆ ಯೇಸು ಉಸಿರೂದಿದರು ಎಂದು ಯೊವಾನ್ನ ಬರೆಯುತ್ತಾನೆ. ಆ ಮೇ ತಿಂಗಳ ನಂತರ ಅದನ್ನು ನಾನು ಸಲೀಸಾಗಿ ಓದಿ ಮುಂದೆ ಹೋಗಲಾರೆ. ಉಸಿರು ಎಂಥ ವಿಸ್ಮಯ ಎಂದು ಹೇಳಲು ಹೊರಡುವವನು ಉಸಿರಿಲ್ಲದೆ ಹೋದವರ ಮನೆಯವರ ಮುಂದೆ ನಿಂತು ಹೇಳಬೇಕು. ಪೆಂತೆಕೋಸ್ತ್ ಕಳೆದ ಮೇಲೆ ಆ ದೊಡ್ಡ ಬತ್ತಿಯನ್ನು ಮತ್ತೆ ಹೊತ್ತಿಸುವ ಸಂದರ್ಭಗಳು ಮುಖ್ಯವಾಗಿ ಎರಡು: ಮಗುವಿನ ಜ್ಞಾನಸ್ನಾನ ಮತ್ತು ಸತ್ತವರ ಕೊನೆಯ ಪೂಜೆ. ಶವಪೆಟ್ಟಿಗೆಯ ಪಕ್ಕದಲ್ಲಿ ಉರಿಯುವುದಕ್ಕೂ ಆ ಬೆಳಕು ಹೆದರುವುದಿಲ್ಲ.

ಹೀಗೆ ನೋವಿನ ಪಕ್ಕದಲ್ಲಿ ನಿಂತ ಬೆರಗು ಸುಮ್ಮನಿರಲಾರದು, ಕೈಗೆ ಇಳಿಯುತ್ತದೆ. 1799ರ ನಂತರ ಮೈಸೂರು ಸೀಮೆಗೆ ಬಂದು 1823ರವರೆಗೆ ಇಲ್ಲಿದ್ದ ಅಬ್ಬೆ ದುಬ್ವಾ, ಜನ ದೊಡ್ಡ ಸ್ವಾಮಿಯವರು ಎಂದು ಕರೆದ ಪಾದ್ರಿ, ಬಲಿಪೂಜೆಯ ಜೊತೆಗೇ ಸಿಡುಬಿನ ಲಸಿಕೆಯನ್ನೂ ಹಳ್ಳಿಗಳಿಗೆ ಒಯ್ದರು. ಕೊಳ್ಳೇಗಾಲದ ಆಚೆ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿ ಕನ್ಯಾಸ್ತ್ರೀಯರು ಬಡವರಿಗೆ ಮಾಡಿಕೊಂಡು ಬಂದ ಸೇವೆಯೂ ಇದೇ ಸಾಲಿನದು. ಬದುಕು ದಕ್ಕುವುದೇ ಆಶ್ಚರ್ಯ ಎಂದು ಬಲ್ಲವರು ಇನ್ನೊಬ್ಬರ ಬದುಕು ಕೈಜಾರದಂತೆ ಹಿಡಿಯುತ್ತಾರೆ.

ಓದುಗರಲ್ಲಿ ನನ್ನದೊಂದು ವಿನಂತಿ. ನೀವು ಕ್ರೈಸ್ತರಾಗಿದ್ದರೆ ಈ ಸಲ ಐವತ್ತು ದಿನವನ್ನೂ ಎಣಿಸಿ. ತಪಸ್ಸುಕಾಲದಲ್ಲಿ ಒಂದನ್ನು ಬಿಟ್ಟ ಹಾಗೆಯೇ ಈಗ ದಿನಕ್ಕೊಂದನ್ನು ಕಣ್ಣುತುಂಬ ನೋಡಿ, ಒಬ್ಬರನ್ನಾದರೂ ಹೆಸರು ಹಿಡಿದು ವಿಚಾರಿಸಿ. ಕ್ರೈಸ್ತರಲ್ಲದಿದ್ದರೂ ಪರವಾಗಿಲ್ಲ, ಮಳೆಗಾಗಿ ಆಕಾಶ ನೋಡುವುದು ನಿಮಗೂ ಗೊತ್ತು. ಪವಿತ್ರ ಶನಿವಾರದ ರಾತ್ರಿ ಹತ್ತಿರದ ಚರ್ಚಿಗೆ ಒಮ್ಮೆ ಬನ್ನಿ. ಬಾಗಿಲು ತೆರೆದಿರುತ್ತದೆ, ಕೈಗೊಂದು ಬತ್ತಿ ಯಾರಾದರೂ ಕೊಟ್ಟೇ ಕೊಡುತ್ತಾರೆ.